ಕಾವಲು ಸಿವುಡು

ಹೆಪ್ಸಿ ಬೋರೆಟ್‌ಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಅದಕ್ಕೇ ಬಂಗಲೆಯ ನಾಟಕದಲ್ಲಿ ಅವಳಿಗೆ ರಾಣಿ ಪಾತ್ರ ಸಿಗಲಿಲ್ಲ.

ಊರಿನ ಪಾಲಿಗೆ ರಾಣಿ ಅವಳೇ. ವಿಕ್‌ಸ್ಟೆಡ್‌ನಲ್ಲಿ ಗೋಧಿ ಕೊಯ್ದು, ಕಟ್ಟಿದ ಸಿವುಡು ಸಾಗಿಸಿದ ಮೇಲೆ ನೆಲದಲ್ಲಿ ಉಳಿದ ತೆನೆ ಬಡವರದು. ಆ ಹಕ್ಕಲು ಆಯಲು ಹೋಗುವ ಹೆಂಗಸರು ತಮ್ಮೊಳಗೆ ಒಬ್ಬಳನ್ನು ರಾಣಿ ಅಂತ ಆರಿಸಿಕೊಳ್ಳುತ್ತಿದ್ದರು. ಅವಳ ಕೈಯಲ್ಲಿ ಒಂದು ಹಿತ್ತಾಳೆ ಗಂಟೆ. ಗಂಟೆ ಬಾರಿಸಿದರೆ ಹೊಲಕ್ಕೆ ಇಳಿಯಬೇಕು, ಮತ್ತೆ ಬಾರಿಸಿದರೆ ಬೆನ್ನೆತ್ತಬೇಕು. ಕದ್ದು ಮೊದಲೇ ಇಳಿದವಳ ಮಡಿಲನ್ನು ರಾಣಿ ಎಲ್ಲರೆದುರಿಗೆ ಸುರಿಸಿ ಹಂಚಿಬಿಡುತ್ತಿದ್ದಳು. ಹೆಪ್ಸಿಯ ಅತ್ತೆ ಮಹಾಲಾ ಮುದುಕಿ ಬಹಳ ವರ್ಷ ರಾಣಿಯಾಗಿದ್ದಳು. ಅವಳ ಮಂಡಿ ಹಿಡಿದುಕೊಂಡ ಮೇಲೆ ಗಂಟೆ ಹೆಪ್ಸಿಯ ಕೈಗೆ ಬಂತು. ಆಗ ಯಾರೂ ಅವಳ ಬಾಯಿ ತೆರೆಸಿ ನೋಡಿರಲಿಲ್ಲ.

ಹಲ್ಲು ಹೋದದ್ದು ಗ್ಯಾರಡ್ ಧಣಿಯ ಹೊಲದಲ್ಲೇ. ಜನವರಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ನೆಲದಿಂದ ಟರ್ನಿಪ್ ಗೆಡ್ಡೆ ಕೀಳುವಾಗ ಕವೆಯ ಹಿಡಿ ಜಾರಿ ಬಾಯಿಗೆ ಬಡಿಯಿತು. ರಕ್ತ ಉಗುಳುತ್ತ ಮನೆಗೆ ಹೋದಳು. ಧಣಿ ಆ ಮಧ್ಯಾಹ್ನದ ಕೂಲಿ ಹಿಡಿದುಕೊಂಡ.

"ಹಲ್ಲಾದ್ರೂ ವಾಪಸ್ ಕೇಳೆ," ಅಂದಿದ್ದಳು ಮಹಾಲಾ. "ಅವನ ಹೊಲದಲ್ಲೇ ಬಿದ್ದೈತೆ. ಮೊಳಕೆ ಒಡೆದ್ರೆ ಅದನ್ನೂ ಅವನೇ ಕೊಯ್ಕೊತಾನೆ."

ಆ ಮನೆಯಲ್ಲಿ ಅತ್ತೆ ಸೊಸೆ ಹೀಗೇ. ನಗು ಬರುವ ಕಡೆ ನಗುತ್ತಿದ್ದರು, ಅಳು ಬರುವ ಕಡೆಯೂ ಅದನ್ನೇ ಮಾಡುತ್ತಿದ್ದರು. ಹೆಪ್ಸಿಯ ಗಂಡ ಜೇಬೆಜ್ ಗ್ಯಾರಡ್ ಧಣಿಯ ಕುದುರೆ ಆಳು. ನಗುವವನಲ್ಲ. ಕುದುರೆಗಳ ಜೊತೆ ಎಷ್ಟು ಬೇಕೋ ಅಷ್ಟು ಮಾತಾಡಿ ಉಳಿದದ್ದನ್ನು ಮನೆಗೆ ತರುತ್ತಿದ್ದ. ಬಹಳ ಉಳಿಯುತ್ತಿರಲಿಲ್ಲ. ಅವರಿದ್ದ ಮನೆ ಧಣಿಯದು. ಕೆಲಸ ಇರುವ ತನಕ ಮನೆ.

ಆ ವರ್ಷ ಏಪ್ರಿಲ್‌ನಲ್ಲಿ ಹೆಂಗಸರು ಧಣಿಯ ಹೊಲದಲ್ಲಿ ಕಲ್ಲು ಆಯುತ್ತಿದ್ದರು. ಬಾಗಿ ಆಯಬೇಕು, ಮಡಿಲಿಗೆ ತುಂಬಬೇಕು, ಹೊತ್ತು ಹೋಗಿ ಬದುವಿನ ಗುಡ್ಡೆಗೆ ಸುರಿಯಬೇಕು. ಮಡಿಲು ತುಂಬಿದಷ್ಟೂ ಹೊಟ್ಟೆಗೆ ಕಲ್ಲಿನ ಗುದ್ದು. ಡಾರ್ಕಸ್ ಸ್ಮೈ ಆಗ ಏಳು ತಿಂಗಳ ಬಸುರಿ. ಮಳೆ ಹಿಡಿಯಿತು. ಧಣಿ ಕುದುರೆಯ ಮೇಲಿಂದ ನಿಲ್ಲಬೇಡಿ ಅಂದ. ಹೆಪ್ಸಿ ಕಲ್ಲಿನ ಗುಡ್ಡೆಯ ಮೇಲೆ ಕೂತಳು. ಅವಳ ಪಕ್ಕ ಡಾರ್ಕಸ್ ಕೂತಳು. ಆಮೇಲೆ ಎಲ್ಲರೂ ಕೂತರು.

"ಏನಿದು?" ಅಂದ ಧಣಿ.

"ಮೊಟ್ಟೆ ಇಡ್ತಾ ಇದೀವಿ ಧಣಿ," ಅಂದಳು ಹೆಪ್ಸಿ. "ಮಳೆ ನಿಂತ ಮೇಲೆ ಏಳ್ತೀವಿ."

ಹೆಂಗಸರು ಕೋಳಿಯ ಹಾಗೆ ಕೊಕ್ಕೊಕ್ಕೋ ಅಂದರು. ಧಣಿ ಕುದುರೆ ತಿರುಗಿಸಿದ. "ಸುಗ್ಗಿ ಬರಲಿ," ಅಂದ.

*

ಮಿಸ್ ಫೇನ್ ಬಂದದ್ದು ಮೇ ತಿಂಗಳಲ್ಲಿ. ಬಂಗಲೆಯ ಸಾಹೇಬರ ತಂಗಿ. ಸೈಕಲ್ ಮೇಲೆ ಬಂದಳು. ಸಫೋಕ್ ಸೀಮೆಯ ಕಥೆ, ಹಾಡು, ಹಳೇ ಸುದ್ದಿ ಎಲ್ಲ ಕೂಡಿಸಿ ಪುಸ್ತಕ ಮಾಡುತ್ತೇನೆ ಅಂದಳು.

"ನಮ್ಮ ಜನಪದ ಸಾಯ್ತಾ ಇದೆ, ಹೆಪ್ಸಿ," ಅಂದಳು. ಕಣ್ಣಲ್ಲಿ ನೀರಿತ್ತು.

"ಸಾಯ್ತಾ ಇಲ್ಲ ಅಮ್ಮಾವ್ರೆ. ಹಸಿದೈತೆ ಅಷ್ಟೆ."

ಮಿಸ್ ಫೇನ್ ಅದನ್ನೂ ಬರೆದುಕೊಂಡಳು.

ಬರುವಾಗೆಲ್ಲ ಚಹಾದ ಪೊಟ್ಟಣ ತರುತ್ತಿದ್ದಳು. ಮಹಾಲಾ ಒಂದು ಪೊಟ್ಟಣಕ್ಕೆ ಒಂದು ದೆವ್ವ ಕೊಟ್ಟಳು. ಮೊದಲು ಚರ್ಚಿಗೆ ನುಗ್ಗುವ ಕರಿನಾಯಿ. ಆಮೇಲೆ ಕೊಳದಲ್ಲಿ ಮುಳುಗಿದ ಮದುವಣಗಿತ್ತಿ. ಊರಲ್ಲಿದ್ದ ದೆವ್ವಗಳೆಲ್ಲ ಜೂನ್ ಹೊತ್ತಿಗೆ ಖರ್ಚಾದವು. ಚಹಾ ನಿಲ್ಲಬಾರದಲ್ಲ. ತಲೆಯಿಲ್ಲದ ಟರ್ಕಿ ಕೋಳಿ ವ್ಯಾಪಾರಿಯೊಬ್ಬ ಹುಟ್ಟಿದ. ಅಮಾವಾಸ್ಯೆಯ ದಿನ ಬಾಗಿಲು ತಟ್ಟಿ ಕಂಕುಳಲ್ಲಿರುವ ತಲೆಯಿಂದ ರೇಟು ಕೇಳುತ್ತಾನೆ.

"ಯಾವ ರೇಟು?" ಮಿಸ್ ಫೇನ್ ಪೆನ್ಸಿಲ್ ಎತ್ತಿದಳು.

"ಅದೇ ಗೊತ್ತಿಲ್ಲ ಕಣವ್ವ. ಹೇಳಿದೋರು ಯಾರೂ ಬದುಕಿಲ್ಲ."

ಹೆಪ್ಸಿ ಮುಖಕ್ಕೆ ಏಪ್ರನ್ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಹಂದಿಗೂಡಿನ ಗೋಡೆ ಹಿಡಿದು ನಕ್ಕಳು.

ಹೆಪ್ಸಿ ಕೊಟ್ಟದ್ದು ಹಾಡು. ಹಕ್ಕಲಿಗೆ ಇಳಿಯುವಾಗ ಹೇಳುವ ಹಾಡು. ಅವಳ ಗಂಟಲು ದಪ್ಪ, ಗಂಡಸಿನ ಗಂಟಲಿನ ಹಾಗೆ. ಮಿಸ್ ಫೇನ್ ಕಣ್ಣು ಮುಚ್ಚಿ ಕೇಳಿದಳು. ಒಂದು ಚರಣಕ್ಕೆ ಮಾತ್ರ ಕಣ್ಣು ತೆರೆದಳು.

"ಇದು ಬೇಡ, ಹೆಪ್ಸಿ. ಓದುವವರಿಗೆ ಸರಿಹೋಗಲ್ಲ."

"ಇದಿಲ್ಲದೆ ಹಾಡು ಕುಂಟುತ್ತೆ ಅಮ್ಮಾವ್ರೆ."

"ಕುಂಟಲಿ. ಅದರಲ್ಲೇ ಒಂದು ಸೊಗಸಿರುತ್ತೆ."

*

ಆಗಸ್ಟ್‌ನಲ್ಲಿ ಕೊಯ್ಲಾಯಿತು. ಗ್ಯಾರಡ್ ಧಣಿಯ ಹನ್ನೆರಡೆಕರೆ ಹೊಲ ಬಂಗಲೆಯ ಹಿಂದಿನ ಓಣಿಯ ಆಚೆಗಿತ್ತು. ಊರಿನ ಹಕ್ಕಲೆಲ್ಲ ಅದರಲ್ಲೇ. ಅಲ್ಲಿ ಆಯ್ದ ಗೋಧಿ ಗಿರಣಿಗೆ ಹೋಗಿ ಬಂದರೆ ಹೆಪ್ಸಿಯ ಮನೆಗೆ ಕ್ರಿಸ್ಮಸ್ ದಾಟಿ ಎರಡು ತಿಂಗಳ ಹಿಟ್ಟು. ಅದಿಲ್ಲದಿದ್ದರೆ ಆ ಎರಡು ತಿಂಗಳು ಟರ್ನಿಪ್.

ಸಿವುಡೆಲ್ಲ ಸಾಗಿಸಿ, ಬಣವೆ ಒಟ್ಟಿ, ಮೇಲೆ ಹುಲ್ಲು ಹೊದಿಸಿಯೂ ಆಯಿತು. ಹೊಲದ ನಡುವೆ ಒಂದೇ ಒಂದು ಸಿವುಡು ನಿಂತಿತ್ತು. ಅದಕ್ಕೆ ಕಾವಲು ಸಿವುಡು ಅನ್ನುತ್ತಿದ್ದರು. ಹೆಂಗಸರು ಕರೆಯುತ್ತಿದ್ದದ್ದು ಪೊಲೀಸಪ್ಪ ಅಂತ. ಪೊಲೀಸಪ್ಪ ನಿಂತಿರುವ ತನಕ ಹೊಲ ಧಣಿಯದು, ಯಾರೂ ಕಾಲಿಡುವಂತಿಲ್ಲ. ಪೊಲೀಸಪ್ಪನನ್ನು ಎತ್ತಿದ ಗಳಿಗೆಯಿಂದ ಹೊಲ ಹೆಂಗಸರದು. ರಾಣಿ ಗಂಟೆ ಬಾರಿಸುತ್ತಾಳೆ. ಮತ್ತೆ ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಇದನ್ನು ಯಾವ ಕೋರ್ಟಿನಲ್ಲೂ ಬರೆದಿರಲಿಲ್ಲ. ಊರಿಗೆ ಗೊತ್ತಿತ್ತು.

ಪ್ರತಿ ವರ್ಷ ಒಂದೆರಡು ದಿನದಲ್ಲಿ ಎತ್ತುತ್ತಿದ್ದರು. ಈ ಸಲ ಎತ್ತಲಿಲ್ಲ. ಧಣಿ ಅದರ ಕೊರಳಿಗೆ ಒಂದು ಕೆಂಪು ಬಟ್ಟೆ ಬೇರೆ ಕಟ್ಟಿಸಿದ, ಕಾಣಲಿಲ್ಲ ಅಂತ ಯಾರೂ ಹೇಳಬಾರದು ಅಂತ. ಹೆಂಗಸರು ದಿನಾ ಬೆಳಗ್ಗೆ ಏಪ್ರನ್ ಕಟ್ಟಿಕೊಂಡು ಬಂದು ಬೇಲಿ ಹತ್ತಿರ ನಿಂತು ನೋಡಿ ವಾಪಸ್ ಹೋಗುತ್ತಿದ್ದರು. ಒಂದು ಜೋರು ಮಳೆ ಬಂದರೆ ತೆನೆ ಮೊಳಕೆಯೊಡೆಯುತ್ತಿತ್ತು.

ಹೆಪ್ಸಿ ಧಣಿಯ ಅಂಗಳಕ್ಕೆ ಹೋದಳು.

"ಪೊಲೀಸಪ್ಪನ್ನ ಎತ್ತಿಸಿ ಧಣಿ."

"ಯಾಕೆ? ಏಪ್ರಿಲ್‌ನಲ್ಲಿ ಕಲ್ಲು ಆಯೋಕೆ ಬೆನ್ನು ನೋಯ್ತಿತ್ತು. ಈಗ ಗೋಧಿ ಆಯೋಕೆ ನೋಯಲ್ವ?"

"ನೋಯುತ್ತೆ. ಆದ್ರೂ ಅದನ್ನ ತಿನ್ಬೋದು."

"ಸೋಮವಾರ ಹಂದಿ ಬಿಡ್ತೀನಿ," ಅಂದ ಧಣಿ. "ಅವು ಎದುರು ಮಾತಾಡಲ್ಲ. ನೀನಿರೋ ಮನೆ ಯಾರದು ಅಂತ ರಾತ್ರಿ ಮಲಗೋವಾಗ ನೆನಪು ಮಾಡ್ಕೊ."

ಡಾರ್ಕಸ್‌ಗೆ ಸಿಟ್ಟು. ಕಂಕುಳಲ್ಲಿ ಕೂಸು. "ಎಲ್ಲಾರೂ ನುಗ್ಗಾಣ ನಡಿಯಕ್ಕ. ಒಂದು ಸಿವುಡಿಗೆ ಹೆದರಿಕೊಂಡು ಕೂತ್ಕೊಳೋದಾ? ಅದಕ್ಕೆ ಕೈಯಿಲ್ಲ, ಕಾಲಿಲ್ಲ."

"ಈವತ್ತು ನಾವು ನುಗ್ಗಿದ್ರೆ ನಾಳೆ ಗಟ್ಟಿಗಿತ್ತಿ ಒಬ್ಬಳೇ ನುಗ್ತಾಳೆ," ಅಂದಳು ಮಹಾಲಾ. "ಮಂಡಿ ನೋವಿನೋಳಿಗೆ, ಕೂಸಿರೋಳಿಗೆ ಏನು ಸಿಗುತ್ತೆ?"

ಅದು ಧಣಿಗೂ ಗೊತ್ತಿತ್ತು. ಅದಕ್ಕೇ ಅವನು ಹೊಲದ ಬಾಗಿಲಿಗೆ ಬೀಗ ಹಾಕಲಿಲ್ಲ, ನಾಯಿ ಕಟ್ಟಲಿಲ್ಲ. ಹೆಂಗಸರು ತಮ್ಮ ನಿಯಮ ಮುರಿಯುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಅವನ ಹಂದಿಗಳು ಕಾದಿದ್ದವು.

ಹೆಪ್ಸಿ ಮಿಸ್ ಫೇನ್‌ಗೂ ಹೇಳಿದಳು. ಧಣಿಗೆ ಒಂದು ಮಾತು ಹೇಳಿ ಅಮ್ಮಾವ್ರೆ, ನೀವು ಹೇಳಿದ್ರೆ ಕೇಳ್ತಾರೆ.

ಮಿಸ್ ಫೇನ್ ಅವಳ ಕೈ ಹಿಡಿದುಕೊಂಡಳು. "ಅದು ವ್ಯವಹಾರದ ವಿಷಯ, ಹೆಪ್ಸಿ. ನನ್ನದು ಬರೀ ಸಂಸ್ಕೃತಿ. ಆದರೆ ಶನಿವಾರ ನೀವೆಲ್ಲ ಬರಲೇಬೇಕು. ನೀವಿಲ್ಲದೆ ನಾಟಕವೇ ಇಲ್ಲ."

*

ಶನಿವಾರ ಬಂಗಲೆಯ ಹುಲ್ಲುಹಾಸಿನ ಮೇಲೆ ಬಯಲು ನಾಟಕ. ಸಫೋಕ್ ಸೀಮೆಯ ಸಾವಿರ ವರ್ಷದ ಕಥೆ ಒಂದೇ ಮಧ್ಯಾಹ್ನದಲ್ಲಿ. ಮೊದಲು ಕಡಲ ಮೇಲೆ ಬಂದ ಡೇನ್ ದರೋಡೆಕೋರರ ದಾಳಿ. ಆಮೇಲೆ ಕರಿನಾಯಿ. ಕಟುಕ ಪಿಜ್ಜಿ ಹೆಂಡತಿಯ ಉಣ್ಣೆಯ ಕಂಬಳಿ ಹೊದ್ದು ನಾಯಿಯಾಗಿದ್ದ. ಕೊನೆಗೆ "ಸಂತೋಷದ ಹಕ್ಕಲುಗಾರ್ತಿಯರು."

ರಾಣಿ ಮಿಸ್ ಫೇನ್‌ಳ ಅಣ್ಣನ ಮಗಳು ಸಿಬಿಲ್. ಹತ್ತೊಂಬತ್ತು ವರ್ಷ, ಹಲ್ಲೆಲ್ಲ ಇದ್ದವು. ಹುಡುಗಿ ಕೆಟ್ಟವಳಲ್ಲ. ಅವಳಿಗೆ ಬಾಗಲು ಬರುತ್ತಿರಲಿಲ್ಲ, ಕುಕ್ಕರಿಸುತ್ತಿದ್ದಳು. ಹೆಪ್ಸಿ ವಾರಗಟ್ಟಲೆ ಕಲಿಸಿದ್ದಳು. ಮಂಡಿ ಮಡಚಬೇಡಿ ಚಿಕ್ಕಮ್ಮಾವ್ರೆ, ಸೊಂಟದಿಂದ ಬಾಗಿ. ಹಾಗೇ ಇರಿ. ಸಂಜೆ ತನಕ ಹಾಗೇ ಇರಬೇಕು. ಸಿಬಿಲ್ ನಾಲ್ಕು ಉಸಿರಿಗೆ ಎದ್ದು ಸೊಂಟ ಹಿಡಿದುಕೊಳ್ಳುತ್ತಿದ್ದಳು.

ಬಾಗುವುದು ಹೇಗೋ ಆಯಿತು. ಹಾಡು ಆಗಲಿಲ್ಲ. ಸಿಬಿಲ್‌ಳ ದನಿ ಗುಬ್ಬಚ್ಚಿಯದು. ಮಿಸ್ ಫೇನ್ ಒಂದು ಉಪಾಯ ಹುಡುಕಿದಳು. ಹುಲ್ಲುಹಾಸಿನ ಪಕ್ಕದ ದಟ್ಟ ಪೊದೆಯ ಹಿಂದೆ ಹೆಪ್ಸಿ ಕುಕ್ಕರಗಾಲಲ್ಲಿ ಕೂತು ಹಾಡಬೇಕು. ಮುಂದೆ ಸಿಬಿಲ್ ಬಾಯಿ ಆಡಿಸಬೇಕು.

"ನಾನು ಕಾಣಬಾರ್ದಾ?" ಅಂದಳು ಹೆಪ್ಸಿ.

"ದೂರದಿಂದ ಜನ ಬರ್ತಾರೆ," ಅಂದಳು ಮಿಸ್ ಫೇನ್. "ರಾಣಿ ಅಂದರೆ ಅವರ ಕಣ್ಣಲ್ಲಿ ಒಂದು ಚಿತ್ರ ಇರುತ್ತೆ. ನೀನು ನಕ್ಕರೆ ಅದು..." ಮಾತು ಅಲ್ಲಿಗೇ ನಿಲ್ಲಿಸಿ ತನ್ನ ಹಲ್ಲನ್ನು ಒಮ್ಮೆ ನಾಲಿಗೆಯಿಂದ ಸವರಿಕೊಂಡಳು. ಆಮೇಲೆ ಸಿಬಿಲ್‌ಗಾಗಿ ಹೆಪ್ಸಿಯ ಹಿತ್ತಾಳೆ ಗಂಟೆಯನ್ನೂ ಕೇಳಿ ತೆಗೆದುಕೊಂಡಳು. ನಿಜವಾದದ್ದೇ ಇರಲಿ ಅಂತ.

ಶನಿವಾರ ಬೆಳಗ್ಗೆ ಹೆಂಗಸರು ಮೈ ತಿಕ್ಕಿಕೊಂಡು ಏಪ್ರನ್‌ಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡು ಬಂದರು. ಮಿಸ್ ಫೇನ್ ನೋಡಿ ಕೈ ಹಿಸುಕಿಕೊಂಡಳು. ಇಷ್ಟು ಚೊಕ್ಕಟ ಇದ್ದರೆ ನಂಬುವವರು ಯಾರು. ಕೆಲಸದವಳು ಒಂದು ತಟ್ಟೆಯಲ್ಲಿ ಮಣ್ಣು ಕಲಸಿ ತಂದಳು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೆನ್ನೆಗೆ, ಹಣೆಗೆ, ಏಪ್ರನ್‌ಗೆ ಮಣ್ಣು ಸವರಿದಳು. ಪೊದೆಯ ಹಿಂದೆ ಕೂರುವ ಹೆಪ್ಸಿಗೂ ತಪ್ಪಲಿಲ್ಲ, ಡಾರ್ಕಸ್‌ಳ ಕೂಸಿನ ಮೂಗಿಗೂ ಒಂದು ಬೊಟ್ಟು.

"ಮನೇಲಿ ತೊಳ್ಕೊಂಡು ಬಂದಿದ್ದು ವೇಸ್ಟಾಯ್ತಲ್ಲ," ಅಂದಳು ಡಾರ್ಕಸ್. "ಮೊದ್ಲೇ ಹೇಳಿದ್ರೆ ಹಂದಿಗೂಡಲ್ಲಿ ಉರುಳಾಡ್ಕೊಂಡು ಬರ್ತಿದ್ದೆ."

ಹೆಪ್ಸಿ ನಗಲಿಲ್ಲ. ಕೆನ್ನೆಯ ಮೇಲೆ ಮಣ್ಣು ಒಣಗಿ ಬಿಗಿಯುತ್ತಿತ್ತು. ವರ್ಷವಿಡೀ ಈ ಮಣ್ಣನ್ನು ಉಜ್ಜಿ ಉಜ್ಜಿ ತೊಳೆದ ಮುಖ ಅದು. ಇನ್ನೊಬ್ಬರ ಕೈಯಿಂದ ಅದೇ ಮಣ್ಣು ಬಂದಾಗ ಅವಳ ಕಿವಿ ಸುಟ್ಟಿತು.

ಅಷ್ಟರಲ್ಲಿ ಇನ್ನೊಂದು ಗಲಾಟೆ. ನಾಟಕಕ್ಕೆ ಅಂತ ಕಾಗದದಲ್ಲಿ ಒಂದು ಸಿವುಡು ಮಾಡಿಸಿದ್ದರು. ರಾತ್ರಿಯ ತುಂತುರಿಗೆ ಅದು ಅಂಟಾಗಿ ಕೂತಿತ್ತು. ಸಿವುಡಿಲ್ಲದೆ ಸುಗ್ಗಿ ಹೇಗೆ. ಮಿಸ್ ಫೇನ್ ಗ್ಯಾರಡ್ ಧಣಿಯ ಹತ್ತಿರ ಓಡಿದಳು.

ನಾಟಕದಲ್ಲಿ ಧಣಿ ಡೇನರ ರಾಜ. ದಾರದಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿದ ಕವಚವನ್ನು ಅವನ ಹೆಂಡತಿ ಅವನ ಮೈಮೇಲೇ ಹೊಲಿದಿದ್ದಳು. ತಲೆಗೆ ಎರಡು ಕೊಂಬಿನ ರಟ್ಟಿನ ಟೋಪಿ. ಕನ್ನಡಿಯ ಮುಂದೆ ನಿಂತು ಸಿಟ್ಟಿನ ಮುಖ ಅಭ್ಯಾಸ ಮಾಡುತ್ತಿದ್ದ. ಅಭ್ಯಾಸದ ಅಗತ್ಯವೇನಿರಲಿಲ್ಲ.

"ಒಂದು ಸಿವುಡು ಬೇಕು, ಮಿಸ್ಟರ್ ಗ್ಯಾರಡ್. ಒಂದೇ ಒಂದು."

ಬಣವೆ ಬಿಚ್ಚಬೇಕು ಅಂದರೆ ಹೊದಿಕೆ ಕೀಳಬೇಕು, ಮತ್ತೆ ಹೊದಿಸಲು ಆಳಿಗೆ ಕೂಲಿ ಕೊಡಬೇಕು. ಧಣಿ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಬಾಗಿಲಲ್ಲಿ ಕುದುರೆ ಹಿಡಿದು ನಿಂತಿದ್ದ ಜೇಬೆಜ್‌ಗೆ ಹೇಳಿದ, "ಹನ್ನೆರಡೆಕರೇಲಿ ಒಂದು ನಿಂತೈತಲ್ಲ. ಅದನ್ನೇ ಕಿತ್ಕೊಂಡು ಬಾ."

ಜೇಬೆಜ್ ಕುದುರೆಯ ಲಗಾಮನ್ನು ಗೂಟಕ್ಕೆ ಕಟ್ಟಿದ.

"ಅದನ್ನೇನಾ ಧಣಿ?"

"ಕಿವಿ ಕೇಳಲ್ವಾ ನಿಂಗೆ?"

"ಕೇಳುತ್ತೆ," ಅಂದ ಜೇಬೆಜ್. ಹೋದ.

*

ಡೇನರು ಬಂದು ಊರು ಸುಟ್ಟರು. ಗ್ಯಾರಡ್ ಧಣಿ ಮರದ ಕತ್ತಿ ಬೀಸಿ ಮುಂದಿನ ಸಾಲಿನ ಕುರ್ಚಿಯಲ್ಲಿ ಬಂದು ಕೂತ, ಬೆವರುತ್ತ. ಕರಿನಾಯಿ ಬೊಗಳಿತು. ಇಪ್ಸ್‌ವಿಚ್‌ನಿಂದ ಬಂದಿದ್ದ ಹೆಂಗಸೊಬ್ಬಳಿಗೆ ನಿಜವಾಗಿ ತಲೆ ಸುತ್ತಿತು. ಆಮೇಲೆ ಬ್ಯಾಂಡಿನವರು ಮೆಲ್ಲಗೆ ಊದಿದರು. ಮಣ್ಣು ಮೆತ್ತಿದ ಹೆಂಗಸರು ಸಾಲಾಗಿ ಬಂದರು. ಹೆಪ್ಸಿ ಪೊದೆಯ ಹಿಂದೆ ಕೂತಿದ್ದಳು. ಕಾಲು ಜೋಮು ಹಿಡಿದಿತ್ತು. ಎಲೆಗಳ ಸಂದಿಯಲ್ಲಿ ಒಂದು ಅಂಗೈಯಷ್ಟು ಹುಲ್ಲುಹಾಸು ಕಾಣುತ್ತಿತ್ತು. ಆಮೇಲೆ ಕೊಡುತ್ತೇವೆ ಅಂದಿದ್ದ ಬನ್ನಿನ ವಾಸನೆ ಬಂಗಲೆಯ ಕಡೆಯಿಂದ ಬರುತ್ತಿತ್ತು.

ಹಾಡು ಶುರು ಮಾಡಿದಳು.

ಬಾಗೆ ಬೆನ್ನೇ ಬಾಗೇ ನೀನು
ಬಾಗಿದ ತೆನೆಯ ತಂಗೀ ನೀನು

ಹುಲ್ಲುಹಾಸಿನ ಮೇಲೆ ಸಿಬಿಲ್ ಬಾಯಿ ತೆರೆದಳು, ಮುಚ್ಚಿದಳು. ಅಷ್ಟು ತೆಳ್ಳಗಿನ ಹುಡುಗಿಯ ಬಾಯಿಂದ ಅಂಥ ದಪ್ಪ ದನಿ ಬಂದದ್ದಕ್ಕೆ ಜನ ಬೆರಗಾದರು.

ಆಗ ಜೇಬೆಜ್ ಸಿವುಡು ಹೊತ್ತುಕೊಂಡು ಬಂದ. ಹುಲ್ಲುಹಾಸಿನ ನಡುವೆ ನೆಟ್ಟಗೆ ಇಟ್ಟ. ಕೆಂಪು ಬಟ್ಟೆಯ ಗಂಟನ್ನು ಜನರ ಕಡೆಗೆ ತಿರುಗಿಸಿದ. ಪೊದೆಯ ಕಡೆ ಒಮ್ಮೆ ನೋಡಿ, ಟೋಪಿ ತೆಗೆದು, ಹೋದ.

ಹೆಪ್ಸಿ ನೋಡಿದಳು. ಎಲೆ ಸರಿಸಿ ಇನ್ನೊಮ್ಮೆ ನೋಡಿದಳು.

ಪೊಲೀಸಪ್ಪ.

ಸಾಲಿನಲ್ಲಿ ಡಾರ್ಕಸ್‌ಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಹಾಲಾ ಕೋಲಿಗೆ ಎರಡೂ ಕೈ ಊರಿ ಭುಜ ಕುಣಿಸತೊಡಗಿದ್ದಳು, ಸದ್ದಿಲ್ಲದೆ ನಗುವಾಗ ಅವಳು ಹಾಗೆ. ಸಿಬಿಲ್ ಕಲಿಸಿಕೊಟ್ಟ ಹಾಗೆ ಕೈ ಎತ್ತಿ ಗಂಟೆ ಬಾರಿಸಿದಳು. ಠಣ್ ಠಣ್ ಠಣ್. ಹೆಪ್ಸಿಯದೇ ಗಂಟೆ.

ಹೊಲ ತೆರೆದಿತ್ತು. ಗಂಟೆಯೂ ಆಗಿತ್ತು.

ಹೆಪ್ಸಿ ಏಪ್ರನ್ ಬಾಯಿಗೆ ತುರುಕಿಕೊಂಡು ನಕ್ಕಳು. ಹಾಡು ನಿಂತುಹೋಯಿತು. ಸಿಬಿಲ್‌ಳ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು, ನೀರಿನಿಂದ ತೆಗೆದ ಮೀನಿನ ಹಾಗೆ. ಜನರಲ್ಲಿ ಯಾರೋ ಕಿಸಕ್ ಅಂದರು. ಹುಡುಗಿ ಬೆದರಿ ಪೊದೆಯ ಕಡೆ ನೋಡಿದಳು. ಪಾಪ ಅನ್ನಿಸಿತು ಹೆಪ್ಸಿಗೆ. ಹಾಡು ಕೊಟ್ಟಳು. ಬೇಡ ಅಂದ ಚರಣವನ್ನೇ ಕೊಟ್ಟಳು.

ಧಣಿಯ ಹೊಟ್ಟೆ ದೊಡ್ಡ ಕಣಜ
ಬೀಗ ಹಾಕಿ ಮಲಗ್ತಾನೆ
ಕನಸಿನೊಳಗೆ ಇಲಿ ಕಂಡ್ರೆ
ಹೆಂಡ್ತಿ ಅಂತ ಒದೀತಾನೆ

ಅಭ್ಯಾಸದ ದಿನಗಳಲ್ಲಿ ಹೆಂಗಸರು ಕದ್ದು ಹಾಡುವಾಗ ಕೇಳಿ ಕಲಿತಿದ್ದ ಸಿಬಿಲ್ ಒಂದಕ್ಷರ ತಪ್ಪದೆ ಬಾಯಿ ಆಡಿಸಿದಳು, ಎದೆಯ ಮೇಲೆ ಕೈಯಿಟ್ಟು, ಮುಂದಿನ ಸಾಲಿನ ಡೇನರ ರಾಜನನ್ನೇ ನೋಡುತ್ತ. ಹಿಂದೆ ಬೇಲಿ ಹತ್ತಿರ ನಿಂತಿದ್ದ ಊರಿನ ಗಂಡಸರು ಹೋ ಅಂದರು. ಗ್ಯಾರಡ್ ಧಣಿಯ ಹೆಂಡತಿ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. ಅದು ಅವಮಾನಕ್ಕೋ ನಗುವಿಗೋ ಹೇಳಲು ಬರುವಂತಿರಲಿಲ್ಲ.

ಹೆಪ್ಸಿ ಪೊದೆ ಸೀಳಿಕೊಂಡು ಹೊರಗೆ ಬಂದಳು. ಜೋಮು ಹಿಡಿದ ಕಾಲಲ್ಲಿ ಕುಂಟುತ್ತ, ತಲೆ ತುಂಬ ಎಲೆ.

"ಹೆಪ್ಸಿ," ಮಿಸ್ ಫೇನ್ ಹಲ್ಲು ಕಚ್ಚಿ ಪಿಸುಗುಟ್ಟಿದಳು, "ಬಗ್ಗು. ಹಿಂದೆ ಹೋಗು. ಕಾಣ್ತಾ ಇದೀಯ."

"ಬಗ್ಗಲ್ಲ ಅಮ್ಮಾವ್ರೆ."

"ಏನಂದೆ?"

"ಇಲ್ಲಿ ಬಗ್ಗಲ್ಲ. ಹೊಲದಲ್ಲಿ ಬಗ್ತೀನಿ. ಅಲ್ಲಿ ಹಿಟ್ಟಾದ್ರೂ ಸಿಗುತ್ತೆ." ಸಿಬಿಲ್‌ಳ ಕೈಯಿಂದ ಗಂಟೆ ತೆಗೆದುಕೊಂಡಳು. "ಕೊಡಿ ಚಿಕ್ಕಮ್ಮಾವ್ರೆ. ಚೆನ್ನಾಗಿ ಬಾರಿಸಿದ್ರಿ."

ಹೆಂಗಸರ ಕಡೆ ತಿರುಗಿ, ಬಾಯಿ ತುಂಬ ನಕ್ಕಳು. ಹಲ್ಲಿಲ್ಲದ ಜಾಗ ಇಡೀ ಸೀಮೆಗೆ ಕಂಡಿತು. "ಪೊಲೀಸಪ್ಪ ಎದ್ದು ಬಂದವ್ನೆ. ನಡೀರೇ."

ನಡೆಯಲಿಲ್ಲ, ಓಡಿದರು. ಡಾರ್ಕಸ್ ಕೂಸನ್ನು ಕಂಕುಳಿಗೆ ಒತ್ತಿಕೊಂಡು, ಮಹಾಲಾ ಕೋಲನ್ನು ಕತ್ತಿಯ ಹಾಗೆ ಚಾಚಿಕೊಂಡು. ಕುರ್ಚಿಯ ಮೇಲಿದ್ದವರು ಇದೂ ನಾಟಕ ಅಂದುಕೊಂಡು ಎದ್ದು ಚಪ್ಪಾಳೆ ತಟ್ಟಿದರು. ಬ್ಯಾಂಡಿನವರಿಗೆ ಹೆಂಗಸರು ಓಡಿದರೆ ಜೋರಾಗಿ ಊದಬೇಕು ಅನ್ನಿಸಿರಬೇಕು, ಊದಿದರು. ಊದುತ್ತ ಹಿಂದೆಯೇ ಬಂದರು. ಬ್ಯಾಂಡಿನ ಹಿಂದೆ ಕರಿನಾಯಿ, ಅದರ ಹಿಂದೆ ಡೇನರು ಸುಟ್ಟ ಊರಿನ ಸನ್ಯಾಸಿ ವೇಷದವರು, ಅವರ ಹಿಂದೆ ರೇಷ್ಮೆ ಕೊಡೆಯ ಹೆಂಗಸರು. ಓಣಿಯ ತಿರುವಿನಲ್ಲಿ ಕರಿನಾಯಿಯ ಕಂಬಳಿ ಮುಳ್ಳಿಗೆ ಸಿಕ್ಕಿ ಕಟುಕ ಪಿಜ್ಜಿ ಬರೀ ಒಳಅಂಗಿಯಲ್ಲಿ ಉಳಿದ. ಅವನೂ ಓಡಿದ. ಅವನ ಹೆಂಡತಿಯೂ ಹಕ್ಕಲುಗಾರ್ತಿ.

ಗ್ಯಾರಡ್ ಧಣಿ ಕುರ್ಚಿಯಿಂದ ಏಳುವುದೇ ತಡವಾಯಿತು. ಕವಚ ಬೆನ್ನಿನ ಹಲಗೆಗೆ ಸಿಕ್ಕಿಕೊಂಡು ನಾಲ್ಕು ಹೆಜ್ಜೆ ಕುರ್ಚಿಯೂ ಜೊತೆಗೆ ಬಂತು.

"ಜೇಬೆಜ್," ಅಂದ. "ಆ ಸಿವುಡು ಎತ್ಕೊ. ಓಡು. ಹೊಲದಲ್ಲಿ ನಿಲ್ಸು."

ಜೇಬೆಜ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಆಗಲ್ಲ ಧಣಿ."

"ಆಗಲ್ಲ ಅಂದ್ರೆ?"

"ಎತ್ತಿದ್ದನ್ನ ಮತ್ತೆ ಇಡಂಗಿಲ್ಲ. ನಮ್ಮಮ್ಮ ಒದೀತಾಳೆ."

ಹನ್ನೆರಡು ವರ್ಷದಲ್ಲಿ ಅವನು ಧಣಿಯ ಹತ್ತಿರ ಆಡಿದ ಅತಿ ಉದ್ದದ ಮಾತು ಅದು.

ಧಣಿ ತಾನೇ ಸಿವುಡು ಹೊತ್ತ. ಹೊಲ ಮುಟ್ಟುವಷ್ಟರಲ್ಲಿ ಹೆಂಗಸರು ಅದರ ನಡುವೆ ಇದ್ದರು. ಒಂದೇ ಸಾಲು, ಎಲ್ಲರ ಬೆನ್ನೂ ಬಾಗಿದೆ, ಕೈ ಎರಡೂ ಆಡುತ್ತಿವೆ. ಎಡಗೈಯಲ್ಲಿ ತೆನೆಯ ಹಿಡಿ ಬೆಳೆಯುತ್ತದೆ, ತುಂಬಿದರೆ ಒಂದು ಹುಲ್ಲು ಸುತ್ತಿ ಗಂಟು, ಮಡಿಲಿಗೆ. ಕೊಯ್ದ ಕೂಳೆ ಮೊಳೆಯ ಹಾಗೆ ಕಣಕಾಲು ಗೀರುತ್ತದೆ. ಬೆವರಿಗೆ ಮುಖದ ಮಣ್ಣು ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ನಗುವುದಕ್ಕೆ ಉಸಿರು ಸಾಲದೆ ಡಾರ್ಕಸ್ ಆಗಾಗ ಮಂಡಿಯೂರುತ್ತಿದ್ದಳು.

"ಎಲ್ಲಾರೂ ಆಚೆ ನಡೀರಿ," ಅಂದ ಧಣಿ. ರಟ್ಟಿನ ಟೋಪಿಯ ಒಂದು ಕೊಂಬು ಕೆಳಗೆ ಜೋತಿತ್ತು. "ನಾನು ಹೊಲ ಬಿಟ್ಟಿಲ್ಲ."

"ಪೊಲೀಸಪ್ಪ ಎಲ್ಲಿದ್ದ ಧಣಿ?" ಅಂದಳು ಹೆಪ್ಸಿ, ಬೆನ್ನೆತ್ತದೆ.

"ಇಗೋ ಇಲ್ಲವ್ನೆ." ಸಿವುಡನ್ನು ನೆಲಕ್ಕೆ ಊರಿದ. ಅದು ಬಿತ್ತು. ಮತ್ತೆ ಊರಿದ. ಬಿಟ್ಟರೆ ಬೀಳುತ್ತದೆ ಅಂತ ತಾನೇ ತಬ್ಬಿ ಹಿಡಿದು ನಿಂತ.

"ಈಗ ಇಬ್ಬರು ಪೊಲೀಸರು ಕಣ್ರೇ," ಅಂದಳು ಮಹಾಲಾ. "ಕೊಂಬಿರೋನು ಸಬ್ ಇನ್ಸ್‌ಪೆಕ್ಟ್ರು ಇರ್ಬೇಕು."

ಹೊಲದ ಅಂಚಿನಲ್ಲಿ ಊರೆಲ್ಲ ನಿಂತಿತ್ತು. ಎತ್ತಿದ್ದನ್ನು ಮತ್ತೆ ಇಡುವವನನ್ನು ಆ ಊರು ಮೊದಲ ಸಲ ನೋಡುತ್ತಿತ್ತು. ಚರ್ಚಿನ ಗೋರಿ ತೋಡುವ ಮುದುಕ ಧಣಿಗೆ ಕೇಳುವ ಹಾಗೆ ನೆಲಕ್ಕೆ ಉಗುಳಿದ. ಧಣಿ ಸಿಟ್ಟಿನಲ್ಲಿ ಸಿವುಡು ಅಲ್ಲಾಡಿಸಿ ಕೂಗಾಡಿದ. ಅಲ್ಲಾಡಿಸಿದಷ್ಟೂ ಒಣಗಿದ ತೆನೆ ಉದುರಿತು. ಮಹಾಲಾ ಮಂಡಿ ನೋವು ಮರೆತು ಅವನ ಬೂಟಿನ ಸುತ್ತ ತೆವಳುತ್ತ ಒಂದೊಂದೇ ಆರಿಸಿದಳು.

"ಇನ್ನೊಂಚೂರು ಕೂಗಾಡಿ ಧಣಿ," ಅಂದಳು. "ಈ ಕಡೆ ಖಾಲಿಯಾಯ್ತು."

ಸಿಬಿಲ್ ಕೂಡ ಬಂದಿದ್ದಳು. ಬೂಟು ಬಿಚ್ಚಿ ಹೊಲಕ್ಕೆ ಇಳಿದಳು. ಮಂಡಿ ಮಡಚದೆ ಸೊಂಟದಿಂದ ಸರಿಯಾಗಿ ಬಾಗಿದಳು. ಒಂದು ಹಿಡಿ ತೆನೆ ಆಯ್ದಳು, ಕೂಳೆ ಚುಚ್ಚಿ ಕಾಲಲ್ಲಿ ರಕ್ತ ಬಂತು, ಹಿಡಿಯನ್ನು ಡಾರ್ಕಸ್‌ಳ ಮಡಿಲಿಗೆ ಹಾಕಿ ಕುಂಟುತ್ತ ಚಹಾಕ್ಕೆ ಹೋದಳು.

ಹೆಂಗಸರು ಕತ್ತಲಾಗುವ ತನಕ ಆಯ್ದರು. ಬಿಟ್ಟುಹೋದ ಆ ಚರಣವನ್ನು ಎಷ್ಟು ಸಲ ಹಾಡಿದರೋ. ಕೊನೆಗೆ ಹೆಪ್ಸಿ ಗಂಟೆ ಬಾರಿಸಿದಳು. ಎಲ್ಲರೂ ಬೆನ್ನೆತ್ತಿದರು. ಹೊಲದಲ್ಲಿ ಹಂದಿಗೆ ಏನೂ ಉಳಿದಿರಲಿಲ್ಲ. ತಲೆಯ ಮೇಲೆ ಹೊರೆ ಹೊತ್ತು ಓಣಿ ತುಂಬ ಸಾಲಾಗಿ, ಒಬ್ಬರನ್ನೊಬ್ಬರು ನೋಡಿ ಮತ್ತೆ ಮತ್ತೆ ನಗುತ್ತ ಮನೆಗೆ ಹೋದರು. ಬನ್ನು ಯಾರೂ ಕೇಳಲಿಲ್ಲ.

*

ಆಳುಗಳ ಕರಾರು ಸೆಪ್ಟೆಂಬರ್ ಕೊನೆಯ ಮಿಕೆಲ್ಮಸ್ ಹಬ್ಬಕ್ಕೆ ಮುಗಿಯುತ್ತದೆ. ಆ ದಿನ ಗ್ಯಾರಡ್ ಧಣಿ ಜೇಬೆಜ್‌ನ ಕರಾರು ಮುಂದುವರಿಸಲಿಲ್ಲ. ಮನೆ ಬಿಡಲು ಒಂದು ವಾರ ಕೊಟ್ಟ. ಅವರು ಗಾಡಿಯಲ್ಲಿ ಹಾಸಿಗೆ, ಮಡಕೆ, ಹಿಟ್ಟಿನ ಮೂಟೆ, ಮೂಟೆಯ ಮೇಲೆ ಮಹಾಲಾಳನ್ನು ಕೂರಿಸಿಕೊಂಡು ಎಂಟು ಮೈಲಿ ಆಚೆ ಡಾರ್ಕಸ್‌ಳ ಅಣ್ಣನ ಕೊಟ್ಟಿಗೆಗೆ ಹೋದರು. ಮಿಸ್ ಫೇನ್‌ಳ ಪುಸ್ತಕ ಮುಂದಿನ ವರ್ಷ ಬಂತು. ತಲೆಯಿಲ್ಲದ ಟರ್ಕಿ ವ್ಯಾಪಾರಿಗೆ ಅದರಲ್ಲಿ ಒಂದು ಇಡೀ ಅಧ್ಯಾಯ. ಹಕ್ಕಲು ಹಾಡಿನ ಕೆಳಗೆ ಸಿಬಿಲ್‌ಳ ಹೆಸರು.

ಮುಂದಿನ ಸುಗ್ಗಿಗೆ ಗ್ಯಾರಡ್ ಧಣಿ ಕಾವಲು ಸಿವುಡು ನಿಲ್ಲಿಸಲೇ ಇಲ್ಲ. ಕೊನೆಯ ಗಾಡಿ ಹೊಲದಿಂದ ಹೊರಡುವ ಮೊದಲೇ ಇನ್ನೊಂದು ಬಾಗಿಲಿಂದ ಹಂದಿ ಬಿಟ್ಟ. ಎತ್ತುವುದಕ್ಕೆ ಸಿವುಡಿಲ್ಲ, ಬಾರಿಸುವುದಕ್ಕೆ ಗಂಟೆಯಿಲ್ಲ. ಸುತ್ತಲಿನ ಧಣಿಗಳು ನೋಡಿ ಕಲಿತರು.

ಹೋದದ್ದು ಇಷ್ಟು. ಒಂದು ಮನೆ. ಜೇಬೆಜ್‌ನ ಕೆಲಸ. ಅವನು ಮರಿಯಿಂದ ಸಾಕಿದ, ಅವನದಲ್ಲದ ಎರಡು ಕುದುರೆ. ಹಿತ್ತಲಿನ ಒಂದು ಸೇಬಿನ ಮರ, ಕಾಯಿ ಸಮೇತ. ಹೊರಡುವ ದಿನ ಹಿಡಿಯಲು ಸಿಗದ ಒಂದು ಕೋಳಿ. ವಿಕ್‌ಸ್ಟೆಡ್‌ನ ಹದಿನೇಳು ಮನೆಗಳಿಗೆ, ಆ ವರ್ಷದಿಂದ ಮುಂದಕ್ಕೆ, ಎರಡೆರಡು ತಿಂಗಳ ಹಿಟ್ಟು.